ಸ್ಟೇರಿಂಗಿಗೆ ಉಗುರು ಬಣ್ಣ

ಸ್ಟೇರಿಂಗ್ ರಾಡು ಮತ್ತು ಅದು ಕೆಳಗೆ ಕೂಡುವ ಜಾಗ, ಎರಡರ ಮೇಲೂ ಹಾದುಹೋಗುವಂತೆ ನನ್ನ ಕೆಂಪು ಉಗುರು ಬಣ್ಣದಿಂದ ಗುರುತಿಗೆಂದು ಒಂದು ನೇರ ಗೆರೆ ಎಳೆದು, ಅವ್ವ ಬೋಲ್ಟು ಬಿಚ್ಚತೊಡಗಿದಳು.

ಬೀದರಿನ ನಮ್ಮ ಮನೆಯಂಗಳದಲ್ಲಿದ್ದದ್ದು ಅಪ್ಪನ ಹಳೇ ಕಾರು. ಅದರ ಸ್ಟೇರಿಂಗ್ ಸಡಿಲಾಗಿ ಅಲುಗುತ್ತಿತ್ತು. ಮರುದಿನದಿಂದ ಔರಾದಿನ ಕಾಲೇಜಿಗೆ ಪಾಠ ಮಾಡಲು ನಾನು ಅದರಲ್ಲೇ ಹೋಗಬೇಕಿತ್ತು. ಅವ್ವ ಭಾಲ್ಕಿಯಲ್ಲಿ ಅಜ್ಜನ ಗ್ಯಾರೇಜಿನಲ್ಲಿ ಆಡಿ ಬೆಳೆದವಳೆಂದು ಕೇಳಿದ್ದೆ. ಅವಳ ಕೈಯಲ್ಲಿ ಬೋಲ್ಟು ಬಿಚ್ಚುವ ಪಾನಾ ಕಂಡದ್ದು ಅದೇ ಮೊದಲು.

ಸವೆದ ಹಳೆಯ ರಾಡಿನ ಗೆರೆ ಎಲ್ಲಿದೆಯೆಂದು ಅಳೆದು, ಪೇಟೆಯಿಂದ ತಂದಿದ್ದ ಹೊಸ ರಾಡಿಗೂ ಅದೇ ಜಾಗದಲ್ಲಿ ಗೆರೆ ಹಚ್ಚಿ ಕೂಡಿಸಿದಳು. ಬೋಲ್ಟು ಬಿಗಿದ ಮೇಲೆ ನೋಡಿದರೆ ರಾಡಿನ ತುದಿಯ ಹಲ್ಲುಗಳಲ್ಲಿ ಒಂದರಷ್ಟು ಗೆರೆಗಳು ತಪ್ಪಿದ್ದವು.

“ಹ್ಯಾಂಗೂ ತಿರಗ್ತದಲ್ಲ, ಸಾಕ ಬಿಡು,” ಅಂದರು ಅಪ್ಪ.

“ನಿಮಗ ಸಾಕ್ರಿ. ಇದರಾಗ ಕೂತು ಹೋಗಾಕಿ ನನ್ನ ಮಗಳು,” ಎನ್ನುತ್ತಾ ಅವ್ವ ಮತ್ತೆ ಎಲ್ಲ ಬಿಚ್ಚಿದಳು.

ಸಂಜೆ ಗೆರೆಗಳು ಕೂಡಿದವು. ಅವಳು ಕಾರು ಚಾಲೂ ಮಾಡಿದಾಗ ನಾನು ಪಕ್ಕದಲ್ಲಿ ಕೂತೆ.

“ಇಳಿ,” ಎಂದಳು. “ಸ್ಟೇರಿಂಗ್ ಕೂಡಿಸಿದವ್ರು ಮೊದ್ಲ ಒಬ್ರೇ ಓಡಸಬೇಕು. ನಿಮ್ಮಜ್ಜನ ಕಾಯ್ದೆ ಅದು.”

ಔರಾದಿನ ದಾರಿಯಲ್ಲಿರುವ ಜನವಾಡದ ತನಕ ಒಬ್ಬಳೇ ಹೋಗಿ ಬಂದಳು. ಅವಳು ಬರುವವರೆಗೆ ಅಪ್ಪ ಗೇಟು ಬಿಟ್ಟು ಕದಲಲಿಲ್ಲ. ಬಂದವಳು ಕೀಲಿಯನ್ನು ನನ್ನ ಕೈಗಿಟ್ಟು, ರೊಟ್ಟಿ ಬಡಿಯಲು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಉಗುರು ಬಣ್ಣದ ಬಾಟಲಿಯನ್ನು ಅವ್ವನ ಪಾನಾ ಡಬ್ಬಿಯಲ್ಲಿಟ್ಟು, ನಾನು ಔರಾದಿಗೆ ಕಾರು ತೆಗೆದೆ.