ಎಳ್ಳಿನ ಕೊಬ್ಬರಿಗಾಗಿ ಓದಿದ ಪುಸ್ತಕಗಳು

ತಿಪಟೂರಿನಲ್ಲಿ ಹೆಂಗಸರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುತ್ತಾರೆಂದು ಕೇಳಿ, ಮಾಯಸಂದ್ರದ ಹತ್ತಿರದ ನಮ್ಮ ಹಳ್ಳಿಯಿಂದ ಬಸ್ಸು ಹತ್ತಿ ಹೋಗಿದ್ದೆ. ಕೊನೆಯ ದಿನ ಪಾಠ ಹೇಳಿದ ಮೇಡಂ, ವ್ಯಾಪಾರ ಮಾಡುವವರು ಓದಲೇಬೇಕಾದ ಪುಸ್ತಕಗಳೆಂದು ಒಂದಷ್ಟು ಹೆಸರು ಹೇಳಿದರು. ಮಿಕ್ಕವರು ಪ್ರಮಾಣಪತ್ರ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನಾನು ಮೂಲೆಯಲ್ಲಿ ನಿಂತು ಮೊಬೈಲಿನಲ್ಲಿ ಪುಸ್ತಕಗಳಿಗೆ ಆರ್ಡರ್ ಹಾಕಿದೆ. ನನ್ನದು ಮೊದಲಿನಿಂದಲೂ ಉಡದ ಪಟ್ಟು.

ನನ್ನ ಆಸೆ ದೊಡ್ಡದೇನಲ್ಲ. ಸಂಕ್ರಾಂತಿಗೆ ಎಳ್ಳು ಬೀರಬೇಕಾದರೆ ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಅಡಕತ್ತರಿಯಲ್ಲಿ ಸಣ್ಣಗೆ ಹೆಚ್ಚಿ, ಬಿಸಿಲಿಗೆ ಒಣಗಿಸಬೇಕು. ಅಷ್ಟು ಹೊತ್ತಿಗೆ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿರುತ್ತದೆ. ಆ ಹೆಚ್ಚುವ ಕೆಲಸವನ್ನು ನಾನೇ ಮಾಡಿ, ಪೊಟ್ಟಣ ಕಟ್ಟಿ ಮಾರಬೇಕು ಅಂದುಕೊಂಡಿದ್ದೆ. ಕೊಬ್ಬರಿಗೆ ಬರವಿರಲಿಲ್ಲ. ಆದರೆ ಅದು ಅಟ್ಟದ ಮೇಲಿತ್ತು, ಅಟ್ಟ ಅತ್ತೆಯ ಕೈಯಲ್ಲಿತ್ತು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿ ಸುಲಿದ ಮೇಲೆ ಕೊಬ್ಬರಿಯೆಲ್ಲ ತಿಪಟೂರಿನ ಮಂಡಿಗೇ ಹೋಗಬೇಕೆಂಬುದು ಅವರ ಕಟ್ಟಳೆ.

“ಕಾಸು ಕೊಟ್ಟು ಕೊಳ್ಳೋರು ಒಬ್ರನ್ನ ತೋರ್ಸು, ಒಂದು ಮೂಟೆ ಬುಡ್ತೀನಿ. ಮಂಡಿ ಗಾಡಿ ಬರೋಗಂಟ ಟೈಮು. ಆಮೇಲೆ ಕೇಳ್ಬ್ಯಾಡ ಕಣೇ” ಎಂದರು ಅತ್ತೆ.

ಪುಸ್ತಕಗಳು ಬಂದವು. ಹಗಲು ಅತ್ತೆ ಕಾಯಿಯ ಚಿಪ್ಪು ಒಡೆಯುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಎದುರಾಳಿಗಳೇ ಇಲ್ಲದ ಕಡೆ ವ್ಯಾಪಾರ ಶುರುಮಾಡಿ ಅಂತ ಒಂದರಲ್ಲಿತ್ತು. “ಯಾರೂ ಇಲ್ದಿರೋ ಕಡೆ ಅಂಗಡಿ ಇಟ್ರೆ ಕೊಳ್ಳಕ್ಕೆ ದೆವ್ವ ಬತ್ತವಾ?” ಎಂದು ಅತ್ತೆ ನಕ್ಕರು. ನಕ್ಕರೂ ಕೇಳುವುದನ್ನು ಬಿಡಲಿಲ್ಲ. ಮಾರನೇ ದಿನ ನಾನು ಪಾತ್ರೆ ತೊಳೆಯುತ್ತಿದ್ದಾಗ, “ನಿನ್ನೆ ಆ ಕಂಪನಿ ಮುಳುಗೋಗಿತ್ತಲ್ಲ, ಆಮೇಲೆ ಎದ್ದಿತಾ?” ಎಂದು ಕೇಳಿದರು. ಹರಿಕಥೆಗೂ ಅವರು ಅಷ್ಟು ಆಸೆಯಿಂದ ಕೂತದ್ದು ನಾನು ನೋಡಿಲ್ಲ.

ಅವುಗಳಲ್ಲಿ ಒಂದು ತೆಳ್ಳನೆಯ ಪುಸ್ತಕ. ಯಾವುದು ಓದಲಿ ಎಂದು ಈಗಲೂ ಯಾರಾದರೂ ಕೇಳಿದರೆ ನಾನು ಮೊದಲು ಅದನ್ನೇ ಕೊಡುತ್ತೇನೆ. ಮಾರುವ ಮೊದಲು ನಾಲ್ಕು ಜನಕ್ಕೆ ರುಚಿ ತೋರಿಸಿ, ಅವರ ಅಭಿಪ್ರಾಯ ಕೇಳಿ ಅಂತ ಅದರಲ್ಲಿತ್ತು. ಅಡುಗೆಮನೆಯ ಕೊಬ್ಬರಿಯನ್ನೇ ಹೆಚ್ಚಿ, ಪುಟ್ಟ ಡಬ್ಬಿಗಳಲ್ಲಿ ತುಂಬಿ ಮನೆ ಮನೆಗೆ ಕೊಟ್ಟು ಬಂದೆ.

ಪುಸ್ತಕ ಬರೆದವರಿಗೆ ನಮ್ಮ ಕಡೆಯ ರೂಢಿ ಗೊತ್ತಿರಲಿಲ್ಲ, ನಾನಾದರೂ ನೆನಪಿಟ್ಟುಕೊಳ್ಳಬೇಕಿತ್ತು. ಕೊಟ್ಟ ಡಬ್ಬಿಯನ್ನು ಇಲ್ಲಿ ಯಾರೂ ಖಾಲಿ ವಾಪಸ್ ಕಳಿಸುವುದಿಲ್ಲ. ಒಂದು ಡಬ್ಬಿಯಲ್ಲಿ ಅವರೆಕಾಳು ಬಂತು, ಇನ್ನೊಂದರಲ್ಲಿ ಹುರಿಹಿಟ್ಟು, ಮತ್ತೊಂದರಲ್ಲಿ ಹುಣಸೆಹಣ್ಣು. ಅಭಿಪ್ರಾಯ ಮಾತ್ರ ಎಲ್ಲರದೂ ಒಂದೇ, “ಚೆಂದಾಗೈತೆ ಕಣಮ್ಮ.” ಕಾಸು ಕೊಟ್ಟು ತಗೋತೀರಾ ಅಂದರೆ, “ನಿಮ್ಮನೇದಕ್ಕೂ ಕಾಸು ಕೊಡ್ಬೇಕಾ” ಎಂದು ನಗುವರು. ಬಾಯಿತುಂಬ ಹೊಗಳಿಕೆ, ಗಿರಾಕಿ ಒಬ್ಬರೂ ಇಲ್ಲ.

“ವ್ಯಾಪಾರ ಭಾಳ ಚೆನ್ನಾಗೈತೆ. ಕೊಬ್ಬರಿ ಕೊಟ್ಟು ಅವರೆಕಾಳು ತಂದೆ. ನಮ್ಮಜ್ಜಿನೂ ಹಿಂಗೇ ಮಾಡ್ತಿದ್ರು” ಎಂದರು ಅತ್ತೆ. ನಗು ಬಂತು, ಅಳುವೂ ಬಂತು. ಮಾರನೇ ದಿನ ಮಂಡಿ ಗಾಡಿ ಬರುವುದಿತ್ತು.

ಅದೇ ಪುಸ್ತಕವನ್ನು ಮತ್ತೆ ತೆಗೆದೆ. ನಿಮ್ಮವರನ್ನು ಕೇಳಬೇಡಿ, ನಿಮ್ಮನ್ನು ಕಂಡರೆ ಆಗದವರನ್ನು ಕೇಳಿ ಅಂತ ಒಂದು ಸಾಲು ಕಣ್ಣಿಗೆ ಬಿತ್ತು. ಹಾಗೆಂದರೆ ಹಿತ್ತಲ ಮನೆಯಾಕೆ. ಬೇಲಿಯ ಜಗಳದಲ್ಲಿ ಅತ್ತೆಗೂ ಆಕೆಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ಅತ್ತೆ ಕೊಟ್ಟಿಗೆಯಲ್ಲಿದ್ದಾಗ ಮೆಲ್ಲಗೆ ಹೋಗಿ, “ಇದು ವ್ಯಾಪಾರಕ್ಕೆ ಅಂತ ಮಾಡಿದ್ದು, ನೋಡಿ ಹೇಳಿ” ಎಂದು ಡಬ್ಬಿ ಕೊಟ್ಟೆ. ಆಕೆ ನಗದೆ ತೆಗೆದುಕೊಂಡಳು.

ಬೆಳಿಗ್ಗೆ ಅಂಗಳದಲ್ಲಿ ಗಾಡಿ ನಿಂತಿತ್ತು. ಮೂಟೆಗಳನ್ನು ಹೇರುತ್ತಿದ್ದರು. ಆಕೆ ನೆಟ್ಟಗೆ ಬಂದು ಡಬ್ಬಿಯನ್ನು ಜಗಲಿಯ ಮೇಲಿಟ್ಟಳು. ಒಳಗೆ ಒಂದು ಕಾಳು ಸಕ್ಕರೆಯೂ ಇರಲಿಲ್ಲ. ಅತ್ತೆಯ ಮುಖ ಕೆಂಪಾಯಿತು. ಮುಗೀತು, ಇನ್ನು ಬೇಲಿಯ ಜೊತೆಗೆ ಡಬ್ಬಿಯ ಜಗಳವೂ ಸೇರಿತು ಅಂದುಕೊಂಡೆ.

“ಖಾಲಿ ಡಬ್ಬಿ ತಂದವ್ಳೆ ನೋಡು” ಎಂದರು ಅತ್ತೆ, ನನ್ನ ಕಡೆ ತಿರುಗಿ.

“ವ್ಯಾಪಾರ ಅಂದೋಳು ನೀನೇ ಅಲ್ವೇನಮ್ಮ. ವ್ಯಾಪಾರದ ಡಬ್ಬಿಗೆ ನಾನ್ಯಾಕೆ ಸಕ್ಕರೆ ತುಂಬ್ಲಿ?” ಎಂದಳು ಆಕೆಯೂ ನನಗೇ. “ಚೂರು ದಪ್ಪ ಆಗವೆ, ಇನ್ನೂ ಸಣ್ಣಕೆ ಹೆಚ್ಚಮ್ಮ. ಹೆಣ್ಮಕ್ಕಳ ಮನೆಗೆಲ್ಲ ಎಳ್ಳು ಕಳಿಸ್ಬೇಕು, ನನ್ನ ಹೆಬ್ಬೆಟ್ಟು ಕೇಳಕ್ಕಿಲ್ಲ. ಎರಡು ಕೆಜಿ ಬೇಕು. ಏನು ರೇಟು?”

ಅಷ್ಟೆಲ್ಲ ಓದಿದ್ದೆ, ಆದರೆ ಬೆಲೆ ಹೇಳಿದವರು ಅತ್ತೆ. ನಾನು ಮನಸ್ಸಿನಲ್ಲಿಟ್ಟುಕೊಂಡದ್ದಕ್ಕಿಂತ ಜಾಸ್ತಿಯೇ ಹೇಳಿದರು. ಆಕೆ ಇಳಿಸಿದಳು, ಇವರು ಏರಿಸಿದರು. ಮೊದಮೊದಲು “ಅವಳಿಗೆ ಹೇಳು” ಎಂದು ನನ್ನ ಮೂಲಕ ನಡೆದ ಚೌಕಾಸಿ, ಯಾವಾಗಲೋ ನನ್ನನ್ನು ಬಿಟ್ಟು ನೇರವಾಗಿ ನಡೆಯಿತು. ನಡುವೆ ಒಂದು ಸಲ ಇಬ್ಬರೂ ನಕ್ಕರು.

ಬೆಲೆ ಕುದುರಿದ ಮೇಲೆ ಅತ್ತೆ ಅಂಗಳಕ್ಕಿಳಿದು ಗಾಡಿಯವನನ್ನು ಕೂಗಿದರು.

“ಆ ಕೊನೇ ಮೂಟೆ ಕೆಳಗಿಳ್ಸಪ್ಪ. ಅದು ನಮ್ಮ ಸೊಸೇದು.”