ಸೂಲಗಿತ್ತಿ ವಿರೂಪಮ್ಮ ಹಿಡಿದ ವಾರ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹುಟ್ಟಿ, ಅಲ್ಲೇ ಸಾಲಿ ಕಲಿತು, ಮಾಸ್ತರರ ಕೈಹಿಡಿದು ಕುರುಗೋಡಿಗೆ ಬಂದ ಸುವರ್ಣಮ್ಮನಿಗೆ ಎಲ್ಲದಕ್ಕೂ ಅಂಜಿಕೆ. ನಲವತ್ಮೂರನೆಯ ಇಸವಿಯಲ್ಲಿ ಚೊಚ್ಚಲ ಹೆರಿಗೆಯಾದಾಗ ಕೂಸು ಅತ್ತರೂ ಅಂಜಿದಳು, ಸುಮ್ಮನಾದರೂ ಅಂಜಿದಳು. ಸೂಲಗಿತ್ತಿ ವಿರೂಪಮ್ಮ ಮಾತ್ರ ಕೂಸನ್ನು ಎರೆದು, ಹೊಗೆ ಹಾಕಿ, ನಿಶ್ಚಿಂತೆಯಿಂದ ಬಾಣಂತನ ಮುಗಿಸಿದಳು. ಅತ್ತೆ ದೊಡ್ಡಬಸಮ್ಮ ಸೀರೆ ಕೊಡಲು ಬಂದರೆ ಕೈಯಡ್ಡ ಹಿಡಿದಳು.

"ಸೀರಿ ಬ್ಯಾಡವ್ವ. ವಾರ ಕೊಡು."

ಸುವರ್ಣಮ್ಮ ಕಿಸಕ್ಕನೆ ನಕ್ಕಳು. ವಾರವೆಂದರೆ ಓದುವ ಬಡ ಹುಡುಗರು ದಿನಕ್ಕೊಂದು ಮನೆಯಂತೆ ಹೋಗಿ ಉಣ್ಣುವುದು. "ಯಾವ ಸಾಲಿಗೆ ಸೇರೀರಿ, ಅಜ್ಜಿ?"

"ಈಗಲ್ಲ ತಂಗಿ, ಈ ಕೈ ನಡುಗಾಕ ಹತ್ತಿದ ಮ್ಯಾಲೆ. ಬೇಸ್ತವಾರ ನಿಮ್ಮ ಮನಿ."

ಅತ್ತೆ ಅಲ್ಲೇ ಮಾತು ಕೊಟ್ಟಳು.

ಐವತ್ತೊಂದರಲ್ಲಿ, ಸುವರ್ಣಮ್ಮನ ಮೂರನೆಯ ಕೂಸಿನ ಹೊಕ್ಕುಳಬಳ್ಳಿಗೆ ಕಟ್ಟುವ ದಾರ ಅಜ್ಜಿಯ ಕೈಯಿಂದ ಎರಡು ಸಲ ಜಾರಿತು. ಮೂರನೆಯ ಸಲ ಬಿಗಿದು ಕಟ್ಟಿ ವಿರೂಪಮ್ಮ ಕೈ ತೊಳೆದಳು. "ಇನ್ನ ಸಾಕು."

"ಇನ್ನೂ ಗಟ್ಟಿ ಅದೀರಲ್ಲ!" ಎಂದಳು ಸುವರ್ಣಮ್ಮ.

"ನಾ ಗಟ್ಟಿ ಅದೀನಿ, ಕೂಸು ಮೆತ್ತಗ ಇರ್ತೈತಿ."

ಆ ವಾರದಿಂದಲೇ ಉಣ್ಣಲು ಹೊರಟಳು. ಬೇಸ್ತವಾರ ಬಂದಳು, ಬೇಡುವವಳ ಹಾಗಲ್ಲ, ತವರಿಗೆ ಬಂದವಳ ಹಾಗೆ. ಪಡಸಾಲೆಯಲ್ಲಿ ಕೂತು ಪಲ್ಯಕ್ಕೆ ಉಪ್ಪು ಕಮ್ಮಿ ಎಂದೂ ಹೇಳಿದಳು.

ಆರು ತಿಂಗಳಿಗೆ ಮಾಸ್ತರರಿಗೆ ಸಿರುಗುಪ್ಪಕ್ಕೆ ವರ್ಗವಾಯಿತು. ಮನೆಮಂದಿಯೆಲ್ಲ ಹೊರಡಬೇಕು. ಪಾತ್ರೆ ಕಟ್ಟುವಾಗಲೂ ಸುವರ್ಣಮ್ಮನಿಗೆ ಒಂದೇ ಚಿಂತೆ: ಹಿಂದೆಮುಂದೆ ಯಾರೂ ಇಲ್ಲದ ಮುದುಕಿ, ಬೇಸ್ತವಾರ ಉಪವಾಸ ಬಿದ್ದರೆ? ಕೊನೆಯ ಸಲ ಬಡಿಸುತ್ತ ಊರು ಬಿಡುವ ಮಾತೆತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ವಿರೂಪಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಅಳಾಕ ಏನಾತು? ಮಂದಿ ಸಾಯ್ತಾರ, ಊರು ಬಿಡ್ತಾರ, ಸೊಸಿ ಮನಸು ತಿರುಗ್ತೈತಿ. ಅದಕ್ಕ ಒಂದೊಂದು ವಾರಕ್ಕ ನಾಕು ನಾಕು ಮನಿ ಹಿಡಿದೀನಿ. ಇಪ್ಪತ್ತು ವರ್ಷ ಆತು."

ಏಳು ದಿನ, ಇಪ್ಪತ್ತೆಂಟು ಮನೆ! ಓಲೆಯಿಲ್ಲ, ಮಸಿಯಿಲ್ಲ, ಎಲ್ಲವೂ ಆ ನರೆತ ತಲೆಯೊಳಗೆ. ತಾನು ನಾಳೆಯ ಹಾಲಿಗೆ ಅಂಜುತ್ತ ಕೂತಾಗ ಈಕೆ ಬರಲಿರುವ ಮುಪ್ಪಿಗೆ ಮಣೆ ಹಾಕಿಟ್ಟಿದ್ದಳು. ಸುವರ್ಣಮ್ಮ ಬಡಿಸುವುದನ್ನು ಬಿಟ್ಟು ಎದುರಿಗೇ ಕೂತಳು.

"ನಮ್ಮದು ಎಷ್ಟನೇದು, ಅಜ್ಜಿ?"

"ಮೂರನೇದು. ಮೊದಲನೇ ಮನಿಯವರು ಪ್ಲೇಗಿನ್ಯಾಗ ಹೋದ್ರು. ಎರಡನೇ ಮನಿ ಸೊಸಿ ಬಾಗಲಾ ತಗೀಲಿಲ್ಲ."

"ಹಂಗಾದ್ರ ಉಳಿದದ್ದು ಒಂದೇ!"

"ಉಣ್ಣಾಕಿನೂ ಒಬ್ಬಾಕಿನ ಅಲ್ಲೇನ? ನಾಕನೇದು ಜಡೆಪ್ಪನ ಮನಿ. ನಿಮ್ಮ ವರ್ಗದ ಸುದ್ದಿ ಕೇಳಿ ನಿನ್ನೇನ ಹೇಳಿಬಂದೀನಿ."

ಸುವರ್ಣಮ್ಮ ಸೌಟು ಹಿಡಿದು ಆಕೆಯನ್ನೇ ನೋಡಿದಳು.

"ನೋಡೋದು ಸಾಕು," ಎಂದಳು ವಿರೂಪಮ್ಮ. "ಮಜ್ಜಿಗಿ ಹಾಕು."