ಮೊಟ್ಟೆಗೆಂಡೆ ಮುಟ್ಟದ ವರ್ಷ

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಬಂಗಾರಪೇಟೆ ಪಕ್ಕದ ಹಳ್ಳಿಗೆ ನಾನು ಸೊಸೆಯಾಗಿ ಬಂದಾಗ ಕೆರೆಯಲ್ಲಿ ನೀರಿತ್ತು, ಹೇಳಿಕೊಳ್ಳುವಂಥ ಮೀನಿರಲಿಲ್ಲ. ನಮ್ಮದೋ ಮೀನು ಹಿಡಿಯುವ ಮನೆ. ಗಂಡ ಬಲೆ ಬೀಸಬೇಕು, ಅತ್ತೆಯೂ ನಾನೂ ಬುಟ್ಟಿ ಹೊತ್ತು ರೈಲು ಹತ್ತಿ ಗಣಿ ಕೆಲಸಗಾರರ ಊರಾದ ಆಂಡರ್ಸನ್‌ಪೇಟೆಯಲ್ಲಿ ಮಾರಬೇಕು. ಬೆರಳುದ್ದದ ಮೀನು ಒಯ್ದರೆ ಅಲ್ಲಿನ ಹೆಂಗಸರು ಬಿಡುತ್ತಾರೆಯೇ? "ಏನಮ್ಮಾ, ಕನ್ನಡಕ ಹಾಕ್ಕೊಂಡು ತಿನ್ಬೇಕಾ ಇದನ್ನ?" ಎಂದು ಕಿಸಕ್ಕನೆ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಗಂಡನಿಗೆ ಸಾಕಾಯಿತು. ಚಾಂಪಿಯನ್ ರೀಫ್ಸ್‌ನಲ್ಲಿ ಕೆಲಸಕ್ಕಿದ್ದ ಗೆಳೆಯನ ಜತೆ ತಾನೂ ಚಿನ್ನದ ಗಣಿಗೆ ಇಳಿಯುತ್ತೇನೆಂದ. ನನ್ನ ಜೀವ ಬಾಯಿಗೆ ಬಂತು. ನನ್ನಪ್ಪ ಅದೇ ಗಣಿಯಲ್ಲಿ ದುಡಿದು, ಕೆಮ್ಮಿ ಕೆಮ್ಮಿ ಸತ್ತವನು. ಅತ್ತೂ ಕರೆದೂ ತಡೆದೆ.

"ಒಂದು ವರ್ಸ ನೋಡ್ತೀನಿ. ಕೆರೇಲಿ ಮೀನಾದ್ರೆ ಸರಿ, ಇಲ್ಲಾಂದ್ರೆ ಓಗ್ತೀನಿ ಕಣೇ" ಎಂದ.

ಮೀನು ಹೇಗಾದೀತು? ಮುಂಗಾರಿನ ಹೊಸನೀರು ಕಾಲುವೆಯಲ್ಲಿ ಬಂದೊಡನೆ ಗೆಂಡೆಮೀನುಗಳು ಮೊಟ್ಟೆಯಿಡಲು ನೀರಿಗೆದುರಾಗಿ ಏರುತ್ತವೆ. ಊರಿಗೆ ಊರೇ ಅಲ್ಲಿ ಕೂಣಿಗಳನ್ನು ಹೂಡಿ, ಬಿದಿರಿನ ಆ ಬುಟ್ಟಿಗಳಲ್ಲಿ ಒಂದನ್ನೂ ಬಿಡದೆ ಹಿಡಿಯುತ್ತಿತ್ತು. ಹೊಟ್ಟೆ ತುಂಬ ಮೊಟ್ಟೆಯಿರುವ ಆ ಮೊಟ್ಟೆಗೆಂಡೆ ಎಂದರೆ ಎಲ್ಲರಿಗೂ ಪ್ರಾಣ. ಅದಕ್ಕೊಂದು ಕಟ್ಟಳೆ ಬೇರೆ: ಊರಿಗೆ ಮೀನಿನ ಮನೆ ನಮ್ಮದಾದ್ದರಿಂದ, ನಮ್ಮಲ್ಲಿ ಬಸುರಿಯಿದ್ದರೆ ಮೊದಲ ಮೀನು ಅವಳಿಗೆ. ಅವಳು ಉಂಡ ಮೇಲೇ ಊರವರು ಕೂಣಿ ಹೂಡಬೇಕು.

ಆ ವರ್ಷ ಬಸುರಿ ನಾನೇ!

ಗಂಡ ಹಿಡಿದು ತಂದ ಮೊದಲ ಮೊಟ್ಟೆಗೆಂಡೆಯನ್ನು ಅತ್ತೆ ಬೇಯಿಸಿ ತಟ್ಟೆ ತಂದಿಟ್ಟರು. ನಾನು ಬಾಯಿ ಮುಚ್ಚಿಕೊಂಡು ಕೂತೆ.

"ಉಣ್ಣಮ್ಮೀ, ಊರೋರೆಲ್ಲ ಕಾಯ್ತಾವ್ರೆ."

"ಕಾವಿಗೆ ಕೂತ ಕೋಳೀನ ಕುಯ್ದು ಸಾರು ಮಾಡ್ತೀರಾ ಅತ್ತೆ? ಮತ್ತೆ ಇದನ್ಯಾಕೆ ತಿಂತೀರಾ? ನಾನು ಮುಟ್ಟಾಕಿಲ್ಲ."

ಅಯ್ಯೋ, ಅವತ್ತಿನ ರಾದ್ಧಾಂತ! ಊರವರು ಕೂಣಿ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಒಬ್ಬಳು ಗಯ್ಯಾಳಿ ಎಂದಳು, ಇನ್ನೊಬ್ಬಳು ದೆವ್ವ ಮೆಟ್ಟಿದೆ ಎಂದಳು. ಊರ ಯಜಮಾನರು ಬಂದು, "ಒಂದು ತುತ್ತು ಬಾಯಿಗಾಕ್ಕಳಮ್ಮ, ಸಾಕು" ಎಂದು ಗೋಗರೆದರು. ಒಂದು ತುತ್ತು ಅಂತೆ! ಬಸುರಿಯ ಬಾಯಿಗೆ ಬಲವಂತವಾಗಿ ತುರುಕುವ ಹಾಗಿಲ್ಲ, ಕಟ್ಟಳೆ ಮುರಿಯುವ ಧೈರ್ಯವೂ ಯಾರಿಗೂ ಇಲ್ಲ. ಕಾಲುವೆಯ ನೀರು ಇಳಿಯುವ ತನಕ ನಾನು ರಾಗಿಮುದ್ದೆ, ಉಪ್ಪೆಸರು ಉಂಡುಕೊಂಡು ಹಟ ಹಿಡಿದೆ. ಅತ್ತೆ ಮಾತು ಬಿಟ್ಟರು. ಮೊಟ್ಟೆಗೆಂಡೆಗಳು ಮಾತ್ರ ತಮ್ಮ ಪಾಡಿಗೆ ಏರಿ, ಮೊಟ್ಟೆಯಿಟ್ಟು, ಕೆರೆಗೆ ಮರಳಿದವು.

ಕೆಲವು ವಾರಕ್ಕೆ ಕೆರೆಯ ಅಂಚಿನಲ್ಲಿ ಬಟ್ಟೆ ಒಗೆಯುವವರ ಕಾಲಿಗೆಲ್ಲ ಮರಿಗಳು ಮುತ್ತತೊಡಗಿದವು. ಯಜಮಾನರು ಬಂದು ನೋಡಿ, ನನ್ನನ್ನು ಉಣ್ಣೆಂದು ಗೋಗರೆದ ಬಾಯಲ್ಲೇ ಸಣ್ಣ ಕಣ್ಣಿನ ಬಲೆಯನ್ನು ಯಾರೂ ನೀರಿಗೆ ಇಳಿಸಕೂಡದೆಂದು ಡಂಗುರ ಸಾರಿಸಿದರು. ಅತ್ತೆ ನನ್ನೊಡನೆ ಮಾತಾಡಿದ್ದೂ ಅವತ್ತೇ, "ಕೋಳಿ ಮಾತು ಸರಿಯಾಗೇ ಯೋಳ್ದೆ ಬುಡು" ಎಂದು.

ಮರುವರ್ಷ ದೊಡ್ಡ ಬಲೆ ಬಿಟ್ಟ ದಿನವೇ ಗಂಡನ ಗೆಳೆಯ ಗಣಿಯಿಂದ ಬಂದ. ಕೆಲಸ ಖಾಲಿಯಿದೆ, ಈಗಲೇ ಹೊರಡಬೇಕಂತೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕೆರೆ ಏರಿಯ ಮೇಲೆ ನಿಂತಿದ್ದ ನಾನು ಅದನ್ನು ಎದೆಗೆ ಅವಚಿಕೊಂಡೆ. ಕೆಳಗೆ ಗಂಡ ಎದೆಮಟ್ಟ ನೀರಿನಲ್ಲಿ ಬಲೆ ಎಳೆಯುತ್ತಿದ್ದ. ಬಲೆ ಅಲುಗಲೊಲ್ಲದು. ಒಳಗೆ ಗೆಂಡೆಗಳು ಪಟಪಟನೆ ಒದ್ದಾಡುತ್ತಿದ್ದವು. ಅವನು ತಲೆಯೆತ್ತಿ ಗೆಳೆಯನನ್ನು ನೋಡಿದ.

"ಅಲ್ಲೇನ್ ನಿಂತಿದ್ದೀಯಲಾ? ಗಣಿಗೆ ಯಾರ್ ಬತ್ತಾರೆ! ಇಳಿದು ಬಂದು ಬಲೆ ಅಗ್ಗ ಇಡ್ಕಳಲಾ, ಇಲ್ಲೇ ಕೈ ಸಾಲ್ದು!"

ಗೆಳೆಯ ಹಾಕಿದ ಪ್ಯಾಂಟಿನಲ್ಲೇ ನೀರಿಗೆ ಧುಮುಕಿದ. ನಾನು ಏರಿಯ ಮೇಲೆ ಗೊಳೋ ಎಂದು ಅತ್ತುಬಿಟ್ಟೆ, ಅಳುತ್ತಲೇ ನಕ್ಕೆ. ನನ್ನ ಗಂಡ ಸಾಯುವ ತನಕ ಒಂದು ದಿನವೂ ಭೂಮಿಯೊಳಕ್ಕೆ ಇಳಿಯಲಿಲ್ಲ.